ಗಾಳಿಯಿಲ್ಲದೆ ಓಡುವ ಗಾಲಿ

ಕಳೆದ ಸಂಚಿಕೆಯಲ್ಲಿ ನೀರು ಸೋಸುವ ಯಂತ್ರದ ವಿಚಾರವಾಗಿ ನಾಲ್ಕು ಮಾತು ಬರೆದದ್ದೇ ತಪ್ಪಾಯಿತು. ಅಂದಿನಿಂದ ಸಂಘದ ಬಂಧುಗಳು ನಮ್ಮನ್ನು ಸಕಲ ಯಂತ್ರಗಳ ಪಂಡಿತರೆಂದು ತಿಳಿದಿದ್ದಾರೆ. ಒಬ್ಬರು ಹೊಲಿಗೆಯಂತ್ರದ ಬೆಲ್ಟು ತಂದು ತೋರಿಸಿದರು. ಇನ್ನೊಬ್ಬರು ಗಡಿಯಾರ ತಂದರು. ನಾವು ಕಚೇರಿಯಲ್ಲಿ ಕಾಗದ ತಿರುವಿ ಹೊಟ್ಟೆ ಹೊರೆಯುವ ಗುಮಾಸ್ತರು ಸ್ವಾಮಿ, ಎಂದರೆ ಯಾರೂ ನಂಬುವುದಿಲ್ಲ.

ಈ ಸಲ ಯುಗಾದಿ ಊಟದ ಪಂಕ್ತಿಯಲ್ಲಿ, ಒಬ್ಬಟ್ಟಿನ ಮೇಲೆ ತುಪ್ಪ ಬೀಳುವ ಶುಭ ಮುಹೂರ್ತದಲ್ಲಿ, ಎದುರು ಸಾಲಿನಿಂದ ಒಬ್ಬ ಸೋದರಿ ಕೇಳಿದರು: “ನಿಮ್ಮನ್ನ ಒಂದು ಮಾತು ಕೇಳಬೇಕು ಅಂತಿದ್ದೆ. ನಮ್ಮನೆಯವರು ಒಂದು ಹಳೇ ಕಾರು ನೋಡಿಟ್ಟಿದ್ದಾರೆ. ಜರ್ಮನಿಯದಂತೆ. ಅದರಲ್ಲಿ ಸ್ಟೆಪ್ನಿಯೇ ಇಲ್ಲ. ಕೇಳಿದರೆ ದಲ್ಲಾಳಿ, ‘ಇದು ರನ್ ಫ್ಲ್ಯಾಟ್ ಟೈರು, ಇದಕ್ಕೆ ಸ್ಟೆಪ್ನಿ ಬೇಕಾಗಿಯೇ ಇಲ್ಲ’ ಅಂತಾನಂತೆ. ಇಲ್ಲದ್ದನ್ನೇ ದೊಡ್ಡಸ್ತಿಕೆ ಅಂತ ಮಾರುತ್ತಾನಲ್ಲ, ಇದು ನಿಜವೇ?”

ನಾವು ಬಾಯಿ ತೆರೆಯುವ ಮೊದಲೇ ಎರಡು ಎಲೆ ಆಚೆ ಕುಳಿತಿದ್ದ ನಮ್ಮ ಷಡ್ಡಕರು ದೀರ್ಘವಾಗಿ ನಿಟ್ಟುಸಿರು ಬಿಟ್ಟರು. ಅವರ ನಿಟ್ಟುಸಿರಿಗೆ ಒಂದು ಕಥೆಯುಂಟು. ನಮ್ಮದೂ ಒಂದುಂಟು. ಎರಡನ್ನೂ ಹೇಳದೆ ಆ ಸೋದರಿಗೆ ಉತ್ತರ ಕೊಡಲು ಬರುವುದಿಲ್ಲ.

ಮೊದಲು ನಮ್ಮದು. ಕಳೆದ ಆಷಾಢದಲ್ಲಿ ನಮ್ಮ ತಾಯಿ ಊರಿನಿಂದ ಬಂದರು. ಹೌರಾ ನಿಲ್ದಾಣದ ಜಂಗುಳಿಗಿಂತ ಸಾಂತ್ರಾಗಾಚಿಯಲ್ಲಿ ಇಳಿಸಿಕೊಳ್ಳುವುದೇ ಲೇಸೆಂದು ನಾವೂ ನಮ್ಮಾಕೆಯೂ ಕಾರು ತೆಗೆದುಕೊಂಡು ಹೋದೆವು. ಕಾರು ಎಂದರೆ ಬಹಳ ಊಹಿಸಿಕೊಳ್ಳಬೇಡಿ. ಒಂಬತ್ತು ವರ್ಷದ ಪುಟ್ಟ ಗಾಡಿ. ಸಾಲ ತೀರಿದ ತಿಂಗಳೇ ಅದರ ಬಣ್ಣವೂ ತೀರಿತು. ರೈಲು ಮೂರು ಗಂಟೆ ತಡವಾಗಿ ಬಂತು. ತಾಯಿಯವರೊಡನೆ ಇಳಿದದ್ದು ಎರಡು ಗೋಣಿಚೀಲ ತೆಂಗಿನಕಾಯಿ, ಒಂದು ಡಬ್ಬಿ ಬೆಲ್ಲ, ಹಪ್ಪಳ, ಸಂಡಿಗೆ, ಮಾವಿನ ಮಿಡಿಯ ಭರಣಿ, ಮತ್ತು ಹಳೆಯ ಸೀರೆಯಲ್ಲಿ ಕಟ್ಟಿದ ಒಂದು ಗಂಟು. ಗಂಟಿನಲ್ಲಿ ಏನಿದೆಯೆಂದು ಕೇಳಿದರೆ “ನೀನು ಎತ್ತಿಡು” ಎಂದರು. ಎಲ್ಲವನ್ನೂ ಡಿಕ್ಕಿಯಲ್ಲಿ ತುರುಕಿ ಹೊರಟೆವು.

ಕೋನಾ ಎಕ್ಸ್‌ಪ್ರೆಸ್ ರಸ್ತೆಯಲ್ಲಿ ರಾತ್ರಿ ಹತ್ತರ ಮೇಲೆ ಹೋದವರಿಗೆ ಗೊತ್ತು, ಅಲ್ಲಿ ಲಾರಿಗಳದ್ದೇ ರಾಜ್ಯ. ಮೇಲೆ ಮಳೆ. ಹಿಂದಿನ ಎಡಗಾಲಿ ‘ದಡದಡ’ ಎನ್ನಲು ಶುರುವಾಯಿತು. ಇಳಿದು ನೋಡಿದರೆ ಟೈರು ನೆಲಕ್ಕೆ ಅಂಟಿ ದೋಸೆಯಾಗಿದೆ. ಸ್ಟೆಪ್ನಿ ಇರುವುದು ಡಿಕ್ಕಿಯ ತಳದಲ್ಲಿ. ತೆಂಗಿನಕಾಯಿ, ಬೆಲ್ಲ, ಭರಣಿ, ಗಂಟು ಎಲ್ಲವನ್ನೂ ಮಳೆಯಲ್ಲಿ ರಸ್ತೆಯ ಅಂಚಿಗೆ ಇಳಿಸಿದೆವು. ನಮ್ಮಾಕೆ ಫೋನಿನ ದೀಪ ಹಿಡಿದು ನಿಂತರು. ಜಾಕು ಏರಿಸಿ ಬೋಲ್ಟು ಬಿಚ್ಚುತ್ತಿದ್ದಾಗ ಒಂದು ಲಾರಿ ನಮ್ಮ ಬೆನ್ನಿನಿಂದ ಒಂದು ಮೊಳದಷ್ಟು ದೂರದಲ್ಲಿ ಹಾದುಹೋಯಿತು. ಅದರ ಗಾಳಿಗೆ ಕಾರು ಜಾಕಿನ ಮೇಲೆ ಓಲಾಡಿತು. ಕೈ ಒಳಗಿತ್ತು. ಹೇಗೆ ಹೊರಗೆಳೆದುಕೊಂಡೆವೋ ದೇವರೇ ಬಲ್ಲ. ಒಳಗೆ ಕುಳಿತ ತಾಯಿಯವರು, “ಬಿಡೋ, ಬೆಳಗಾದ ಮೇಲೆ ಹೋಗೋಣ, ನನಗೇನೂ ಅವಸರವಿಲ್ಲ” ಎನ್ನುತ್ತಿದ್ದರು. ಕಡೆಗೆ ಸ್ಟೆಪ್ನಿ ಹಾಕಿ ಜಾಕು ಇಳಿಸಿದರೆ, ಅದೂ ಮೆಲ್ಲನೆ ದೋಸೆಯಾಯಿತು! ಎರಡು ವರ್ಷದಿಂದ ಅದಕ್ಕೆ ಗಾಳಿ ಹಿಡಿಸಿದ್ದ ನೆನಪು ನಮಗಿರಲಿಲ್ಲ. ದೂರುವುದಕ್ಕೆ ಬೇರೆ ಯಾರೂ ಇಲ್ಲ. ಒಬ್ಬ ಟ್ಯಾಕ್ಸಿಯವನು ದಯಮಾಡಿ ನಿಲ್ಲಿಸಿ, ಕೈಪಂಪು ಕೊಟ್ಟು, ಬೆವರಿಳಿಸಿ, ಅಂತೂ ವಿದ್ಯಾಸಾಗರ ಸೇತುವೆ ದಾಟಿ ಮನೆ ಸೇರಿದಾಗ ಒಂದೂವರೆ.

ಆ ರಾತ್ರಿ ನಾವು ಪ್ರತಿಜ್ಞೆ ಮಾಡಿದೆವು: ಗಾಳಿ ಹೋದರೂ ಓಡುವ ಟೈರು ಪ್ರಪಂಚದಲ್ಲಿದ್ದರೆ, ಹೆಂಡತಿಯ ಬಳೆ ಅಡವಿಟ್ಟಾದರೂ ಅದನ್ನೇ ತರುವುದು. ಬಳೆಯ ಒಡತಿಗೆ ಈ ಪ್ರತಿಜ್ಞೆ ತಿಳಿಸಿರಲಿಲ್ಲ ಎನ್ನಿ.

ಇನ್ನು ಟೈರಿನ ಮಾತಿಗೆ ಬರೋಣ. ಕಾರನ್ನು ಹೊತ್ತಿರುವುದು ರಬ್ಬರು ಎಂದು ನಾವೆಲ್ಲ ತಿಳಿದಿದ್ದೇವೆ. ಹೆಚ್ಚಿನ ಭಾರ ಹೊರುವುದು ಒಳಗಿನ ಗಾಳಿ. ಗುಮಾಸ್ತರ ಲೆಕ್ಕ ಒಂದು ಹಾಕೋಣ. ಜನ, ಸಾಮಾನು ಸೇರಿ ಕಾರು 1,000 ಕಿಲೋ ಎನ್ನಿ. ಒಂದು ಗಾಲಿಯ ಪಾಲಿಗೆ 250 ಕಿಲೋ, ಅಂದರೆ ಸುಮಾರು 550 ಪೌಂಡು. ಗಾಳಿಯ ಒತ್ತಡ ಚದರ ಅಂಗುಲಕ್ಕೆ 33 ಪೌಂಡು. ಭಾಗಿಸಿದರೆ ಹೆಚ್ಚುಕಡಿಮೆ 17 ಚದರ ಅಂಗುಲ. ಒಂದು ಅಂಗೈಯಗಲ! ಇಡೀ ಸಂಸಾರ ರಸ್ತೆಯನ್ನು ಹಿಡಿದುಕೊಂಡಿರುವುದು ಇಂಥ ನಾಲ್ಕು ಅಂಗೈಗಳಿಂದ. ಗಾಳಿ ಹೋದರೆ ಟೈರಿನ ಪಕ್ಕದ ಗೋಡೆಗಳು ಮಡಚಿಕೊಳ್ಳುತ್ತವೆ. ಚಕ್ರದ ಲೋಹದ ಅಂಚು ಅವನ್ನು ನೆಲಕ್ಕೆ ಅರೆಯುತ್ತದೆ. ಬಿಸಿಯಾಗಿ, ಹರಿದು, ಕೆಲವೇ ಫರ್ಲಾಂಗಿನಲ್ಲಿ ಟೈರು ಚಿಂದಿ. ವೇಗದಲ್ಲಿದ್ದರೆ ಕಾರು ಎಳೆದ ಕಡೆಗೆ ಹೋಗುತ್ತದೆ.

ರನ್ ಫ್ಲ್ಯಾಟ್ ಟೈರಿನವರು ಮಾಡಿದ ಉಪಾಯ ಸರಳವಾದದ್ದು. ಪಕ್ಕದ ಗೋಡೆಯೊಳಗೆ ಬಿಸಿ ತಡೆಯುವ ಗಟ್ಟಿ ರಬ್ಬರಿನ ದಪ್ಪ ಪದರ ಕೊಟ್ಟರು. ಟೈರಿನ ಅಂಚು ಚಕ್ರವನ್ನು ಬಿಡದಂತೆ ಬಿಗಿ ಮಾಡಿದರು. ಗಾಳಿ ಪೂರಾ ಹೋದರೂ ಆ ಗೋಡೆಗಳೇ ಕಂಬದಂತೆ ನಿಂತು ಭಾರ ಹೊರುತ್ತವೆ. ಎಷ್ಟು ದೂರ? ಸಾಮಾನ್ಯವಾಗಿ ತಯಾರಕರು ಹೇಳುವುದು: ಗಂಟೆಗೆ 80 ಕಿಲೋಮೀಟರು ಮೀರದ ವೇಗದಲ್ಲಿ 80 ಕಿಲೋಮೀಟರು ದೂರ. ಕಾರಿನ ತುಂಬ ಜನ, ಡಿಕ್ಕಿಯ ತುಂಬ ತೆಂಗಿನಕಾಯಿ, ವೈಶಾಖದ ಡಾಂಬರು, ಇವೆಲ್ಲ ಸೇರಿದರೆ ಅದಕ್ಕಿಂತ ಕಡಿಮೆಯೇ.

ಇದು ಇಂದಿನ ಹೊಸ ಬುದ್ಧಿಯೇನೂ ಅಲ್ಲ. ಇಲ್ಲೊಂದು ಸ್ವಾರಸ್ಯವಿದೆ. ನಮ್ಮ ಬಿ. ಟಿ. ರಸ್ತೆಯ ಬಸ್ಸು ಕಂಡಕ್ಟರು “ಡನ್‌ಲಪ್, ಡನ್‌ಲಪ್” ಎಂದು ಕೂಗುವುದನ್ನು ಕೇಳಿದ್ದೀರಿ. ನಿಲ್ದಾಣದ ಹೆಸರಾಗಿ ಉಳಿದಿರುವ ಈ ಡನ್‌ಲಪ್ ಯಾರು? ಬೆಲ್‌ಫಾಸ್ಟಿನಲ್ಲಿದ್ದ ದನದ ವೈದ್ಯ ಜಾನ್ ಬಾಯ್ಡ್ ಡನ್‌ಲಪ್. ಮಗನ ಮೂರು ಗಾಲಿಯ ಸೈಕಲ್ಲು ಕುಲುಕದಿರಲೆಂದು ರಬ್ಬರು ಕೊಳವೆಗೆ ಗಾಳಿ ತುಂಬಿ ಕಟ್ಟಿ, 1888ರಲ್ಲಿ ಪೇಟೆಂಟು ಪಡೆದವನು. ಅವನಿಗಿಂತ ಮೊದಲೇ 1845ರಲ್ಲಿ ಥಾಮ್ಸನ್ ಎಂಬ ಸ್ಕಾಟ್ಲೆಂಡಿನವನು ಇದೇ ಯೋಚನೆಗೆ ಪೇಟೆಂಟು ಪಡೆದಿದ್ದನಾದರೂ ಹೆಸರು ನಿಂತದ್ದು ಡನ್‌ಲಪ್ಪನದು. ಅವನ ಹೆಸರಿನ ಕಂಪೆನಿ 1936ರಲ್ಲಿ ಹೂಗ್ಲಿ ಜಿಲ್ಲೆಯ ಸಾಹಾಗಂಜಿನಲ್ಲಿ ಕಾರ್ಖಾನೆ ತೆರೆಯಿತು. ಭಾರತದಲ್ಲಿ ಟೈರು ತಯಾರಿಕೆ ಬೇರೂರಿದ್ದು ಅಲ್ಲಿ. ಅದೇ ಜಿಲ್ಲೆಯ ಉತ್ತರಪಾಡಾದಲ್ಲಿ ಅಂಬಾಸಡರ್ ಕಾರು ತಯಾರಾಗುತ್ತಿತ್ತು. 2011ರಲ್ಲಿ ಸಾಹಾಗಂಜಿನ ಬಾಗಿಲು ಮುಚ್ಚಿತು, 2014ರಲ್ಲಿ ಅಂಬಾಸಡರ್ ನಿಂತಿತು. ಒಂದು ಕಾಲಕ್ಕೆ ಕಾರೂ ಟೈರೂ ಎರಡೂ ಮನೆಯಂಗಳದಲ್ಲೇ ಆಗುತ್ತಿದ್ದ ಊರು ಇದು. ಈಗ ಒಂದು ಬಸ್ ನಿಲ್ದಾಣದ ಹೆಸರು ಉಳಿದಿದೆ.

ಸ್ವಾರಸ್ಯ ಇದಲ್ಲ, ಮುಂದಿದೆ. ಈ ಡನ್‌ಲಪ್ ಕಂಪೆನಿಯೇ ಇಂಗ್ಲೆಂಡಿನಲ್ಲಿ 1970ರ ದಶಕದಲ್ಲಿ ‘ಡೆನೋವೋ’ ಎಂಬ ಟೈರು ಹೊರತಂದಿತು. ಅದರೊಳಗೆ ಪುಟ್ಟ ಡಬ್ಬಿಗಳಲ್ಲಿ ಜಾರುವ ದ್ರವ. ಗಾಳಿ ಹೋಗಿ ಟೈರು ಕುಸಿದರೆ ಡಬ್ಬಿಗಳು ಒಡೆದು, ದ್ರವ ಹರಡಿ, ತೂತನ್ನು ಮುಚ್ಚಿ, ಒಳಗಿನ ಉಜ್ಜಾಟದ ಬಿಸಿಯನ್ನೂ ತಣಿಸುತ್ತಿತ್ತು. ಮಿನಿ, ರೋವರ್ ಕಾರುಗಳ ಕೆಲವು ಮಾದರಿಗಳಿಗೆ ಹಾಕಿದರು. ಜನ ಒಪ್ಪಲಿಲ್ಲ. ಆಮೇಲೆ ಮಿಶೆಲಿನ್‌ನವರು ಚಕ್ರದ ಸುತ್ತ ಒಳಗೊಂದು ಬಳೆಯಿಟ್ಟು, ಟೈರು ಕುಸಿದರೆ ಬಳೆಯ ಮೇಲೆ ಕೂರುವ ಹಾಗೆ ಮಾಡಿದರು. ಅದಕ್ಕೆ ಬೇರೆಯೇ ಚಕ್ರ, ಬೇರೆಯೇ ಟೈರು, ಬೇರೆಯೇ ಯಂತ್ರ ಬೇಕು. ಅಮೆರಿಕದಲ್ಲಿ ಕೆಲವು ಹೋಂಡಾ ಗಾಡಿಗಳಿಗೆ ಬಂತು, ರಿಪೇರಿ ಮಾಡುವ ಅಂಗಡಿ ಹುಡುಕಿ ಜನ ಬೇಸತ್ತರು, ಅದೂ ಸಾಮಾನ್ಯ ಕಾರುಗಳಲ್ಲಿ ನೆಲೆ ನಿಲ್ಲಲಿಲ್ಲ. ಗೋಡೆ ದಪ್ಪ ಮಾಡಿದ್ದೇ ಕಡೆಗೆ ಗೆದ್ದ ಉಪಾಯ. 1997ರಲ್ಲಿ ಬಂದ ಶೆವ್ರೊಲೆ ಕಾರ್ವೆಟ್ಟಿಗೆ ಸ್ಟೆಪ್ನಿಯೇ ಇಲ್ಲದೆ ಇಂಥ ಟೈರು ಕೊಟ್ಟರು. ಆಮೇಲೆ ಬಿಎಂಡಬ್ಲ್ಯೂದವರು ತಮ್ಮ ಬಹುಪಾಲು ಕಾರುಗಳಿಗೆ ಹಾಕಿ ಇದನ್ನು ಲೋಕಕ್ಕೆ ಪರಿಚಯ ಮಾಡಿಸಿದರು.

ಸ್ಟೆಪ್ನಿ ಎಂಬ ಮಾತಿನ ಹುಟ್ಟೂ ಗೊತ್ತಿರಲಿ. ಮೊದಲಿನ ಕಾರುಗಳಿಗೆ ಹೆಚ್ಚುವರಿ ಗಾಲಿಯೇ ಇರಲಿಲ್ಲ. 1904ರಲ್ಲಿ ವೇಲ್ಸ್ ದೇಶದ ಲನೆಲ್ಲಿ ಎಂಬ ಊರಿನಲ್ಲಿ ಡೇವಿಸ್ ಅಣ್ಣತಮ್ಮಂದಿರು ಗಾಳಿ ತುಂಬಿದ ಒಂದು ಟೈರು-ಬಳೆ ಮಾಡಿ, ಪಂಕ್ಚರಾದ ಗಾಲಿಗೆ ಪಕ್ಕದಲ್ಲಿ ಕಚ್ಚಿಸುವ ಏರ್ಪಾಟು ಮಾಡಿದರು. ಅವರ ಅಂಗಡಿ ಇದ್ದ ಬೀದಿ ಸ್ಟೆಪ್ನಿ ಬೀದಿ. ಇಂಗ್ಲೆಂಡಿನವರು ಆ ಮಾತನ್ನು ಹೆಚ್ಚುಕಡಿಮೆ ಮರೆತರು. ಕನ್ನಡಿಗರೂ ಬಂಗಾಳಿಗಳೂ ಇಂದಿಗೂ ಆ ಬೀದಿಯ ಹೆಸರನ್ನು ಡಿಕ್ಕಿಯಲ್ಲಿಟ್ಟುಕೊಂಡು ತಿರುಗುತ್ತಿದ್ದೇವೆ.

ಇನ್ನು ಷಡ್ಡಕರ ಕಥೆ. ಅವರು ಸಾಲ್ಟ್ ಲೇಕಿನ ಐದನೆಯ ಸೆಕ್ಟರಿನಲ್ಲಿ ಕಂಪ್ಯೂಟರಿನ ಮುಂದೆ ಕುಳಿತು, ನಾವು ವರ್ಷಕ್ಕೆ ಕಾಣುವ ಸಂಬಳವನ್ನು ತಿಂಗಳುಗಳಲ್ಲಿ ಕಾಣುವವರು. ಜರ್ಮನ್ ಕಾರು ಕೊಂಡಿದ್ದಾರೆ, ಸೆಕೆಂಡ್ ಹ್ಯಾಂಡು. ಕಳೆದ ಡಿಸೆಂಬರಿನಲ್ಲಿ ಸಂಸಾರ ಸಮೇತ ಪುರಿಗೆ ಹೊರಟರು. ಬಾಲೇಶ್ವರ ದಾಟುತ್ತಿದ್ದ ಹಾಗೆ ಎದುರಿನ ಫಲಕದಲ್ಲಿ ಹಳದಿ ದೀಪ ಹತ್ತಿತು. ಟೈರಿನಲ್ಲಿ ಗಾಳಿಯಿಲ್ಲ! ಆದರೆ ಕಾರು ಅಲುಗದೆ ಹೋಗುತ್ತಿದೆ. ಹಿಂದೆ ಕುಳಿತ ಮಕ್ಕಳಿಗೆ ಗೊತ್ತೇ ಆಗಲಿಲ್ಲ. ನಮ್ಮ ಹಾಗೆ ಲಾರಿಗಳ ಮಧ್ಯೆ ಜಾಕು ಹಿಡಿದು ಕೂರಲಿಲ್ಲ. “ಆ ಅರ್ಧ ಗಂಟೆ ನನ್ನ ಜೀವನದಲ್ಲೇ ಆ ಕಾರಿನ ಮೇಲೆ ಅಷ್ಟು ಪ್ರೀತಿ ಬಂದಿರಲಿಲ್ಲ ಕಣಪ್ಪಾ” ಎನ್ನುತ್ತಾರೆ ಅವರೇ.

ಆಮೇಲಿನದು ಬೇರೆ ಅಧ್ಯಾಯ. ಭಾನುವಾರ ಸಂಜೆ. ಅವರ ಕಾರಿನದು ಹದಿನೆಂಟು ಅಂಗುಲದ ಚಕ್ರ. ಅಲ್ಲಿ ಕಂಡ ಅಂಗಡಿಗಳಲ್ಲಿ ಆ ಅಳತೆಯ ರನ್ ಫ್ಲ್ಯಾಟ್ ಇಲ್ಲ. ಹಿಂದಕ್ಕೆ ಖರಗಪುರ ಸುಮಾರು 120 ಕಿಲೋಮೀಟರು, ಮುಂದಕ್ಕೆ ಭುವನೇಶ್ವರ ಸುಮಾರು 200. ಕೈಯಲ್ಲಿರುವುದು 80, ಅದರಲ್ಲೂ ಅರ್ಧ ಆಗಲೇ ಖರ್ಚು. ರಸ್ತೆ ಬದಿಯ ಪಂಕ್ಚರು ಹುಡುಗ ಎರಡು ಕಬ್ಬಿಣದ ಪಟ್ಟಿಯಿಂದ ಟೈರು ಬಿಚ್ಚಲು ನೋಡಿ, ಬೆವರು ಒರೆಸಿಕೊಂಡು, ಕೈಮುಗಿದನಂತೆ. ಅಷ್ಟು ಗಟ್ಟಿ. ಅದಕ್ಕೆ ಬೇರೆ ಯಂತ್ರ ಬೇಕು. ರಾತ್ರಿ ಲಾಡ್ಜಿನಲ್ಲಿ ಉಳಿದು, ಮಾರನೆಯ ದಿನ ಕಾರನ್ನು ಇನ್ನೊಂದು ಗಾಡಿಯ ಬೆನ್ನಿಗೇರಿಸಿ ಭುವನೇಶ್ವರಕ್ಕೆ ಸಾಗಿಸಿ, ಹೊಸ ಟೈರು ತರಿಸಿ ಹಾಕಿಸುವ ಹೊತ್ತಿಗೆ ರಜೆಯೇ ಮುಗಿದಿತ್ತು. ಜಗನ್ನಾಥನ ದರ್ಶನ ಮುಂದಿನ ವರ್ಷಕ್ಕೆ. ಒಂದು ಟೈರಿನ ಬೆಲೆ ನಮ್ಮ ಅರ್ಧ ತಿಂಗಳ ಸಂಬಳಕ್ಕೆ ಹತ್ತಿರ. ಹಳೆಯ ಟೈರಿಗೆ ಮೊಳೆ ಹೊಕ್ಕಿದ್ದು ನಡುಭಾಗದಲ್ಲಿ, ತೇಪೆ ಹಾಕಿ ಎಂದರೆ ಒಪ್ಪಲಿಲ್ಲ. ಗಾಳಿಯಿಲ್ಲದೆ ಓಡಿದ ಟೈರಿನ ಗೋಡೆ ಒಳಗೆ ಬೆಂದಿರುತ್ತದೆ, ಹೊರಗೆ ಕಾಣಿಸುವುದಿಲ್ಲ, ಆದ್ದರಿಂದ ಬಹಳ ಮಂದಿ ತಯಾರಕರು ರಿಪೇರಿ ಬೇಡವೆನ್ನುತ್ತಾರೆ. ಅಂಗಡಿಯವನು ಹೇಳಿದ್ದು ಸರಿಯೇ.

ಈ ಎರಡು ಕಥೆಗಳನ್ನು ತಕ್ಕಡಿಯ ಎರಡು ತಟ್ಟೆಯಲ್ಲಿ ಹಾಕಿ ನೋಡಿ. ನಮ್ಮಲ್ಲಿ ಖರ್ಚಾದದ್ದು ಕೈಪಂಪಿನ ಬೆವರು, ಹೋಗಬಹುದಾಗಿದ್ದದ್ದು ಪ್ರಾಣ. ಅವರಲ್ಲಿ ಖರ್ಚಾದದ್ದು ಹಣ ಮತ್ತು ರಜೆ, ಪ್ರಾಣದ ಮಾತೇ ಬರಲಿಲ್ಲ. ರನ್ ಫ್ಲ್ಯಾಟನ್ನು ಬೈಯುವವರು ಇದನ್ನು ಮರೆಯುತ್ತಾರೆ. ಪಂಕ್ಚರು ಎಲ್ಲಿ ಆಗಬೇಕೆಂದು ಮೊಳೆ ನಮ್ಮನ್ನು ಕೇಳುವುದಿಲ್ಲ. ಮೇಲುಸೇತುವೆಯ ಮೇಲೆ, ನಡುರಾತ್ರಿ, ಹೆಂಗಸೊಬ್ಬಳೇ ಮಗುವಿನೊಡನೆ ಬರುವಾಗ ಆದರೆ, ನಿಲ್ಲದೆ ಬೆಳಕಿರುವ ಪೆಟ್ರೋಲು ಬಂಕಿನವರೆಗೆ ಹೋಗಬಹುದೆಂಬುದು ಸಣ್ಣ ಮಾತಲ್ಲ. ಆಷಾಢ ಶ್ರಾವಣದಲ್ಲಿ ಠನ್‌ಠನಿಯಾ, ಅಮ್ಹರ್ಸ್ಟ್ ಬೀದಿಗಳಲ್ಲಿ ಮೊಣಕಾಲುದ್ದ ನೀರು ನಿಂತಾಗ ಅದರೊಳಗೆ ಕುಳಿತು ಗಾಲಿ ಬದಲಿಸುವ ಶೂರರನ್ನು ನಾವು ಇನ್ನೂ ಕಂಡಿಲ್ಲ. ಊರೊಳಗೇ ಓಡಾಡುವವರಿಗೆ 80 ಕಿಲೋಮೀಟರು ಧಾರಾಳ. ಗಡಿಯಾದಿಂದ ದಕ್ಷಿಣೇಶ್ವರಕ್ಕೆ ಹೋಗಿ ಬಂದರೂ ಮುಗಿಯುವುದಿಲ್ಲ.

ಹಾಗಾದರೆ ನಾವೇಕೆ ಹಾಕಿಸಲಿಲ್ಲ? ಬಳೆಯ ಪ್ರಶ್ನೆ ಬಿಡಿ. ಆ ರಾತ್ರಿಯ ಮರುದಿನವೇ ಕಚೇರಿಗೆ ಅರ್ಧ ದಿನ ರಜೆ ಹಾಕಿ ಟೈರಂಗಡಿಗೆ ಹೋದೆವು. ಅಂಗಡಿಯ ಮುದುಕ ನಮ್ಮ ಕಾರನ್ನೊಮ್ಮೆ, ನಮ್ಮನ್ನೊಮ್ಮೆ ನೋಡಿ, “ಹೊಬೆ ನಾ, ದಾದಾ” ಎಂದ. ಆಗುವುದಿಲ್ಲ. ನಮ್ಮಂಥ ಸಣ್ಣ ಕಾರಿನ ಅಳತೆಗೆ ಅಂಥ ಟೈರು ಸಿಗುವುದೇ ದುರ್ಲಭ. ಸಿಕ್ಕಿದರೂ ಹಾಕಬೇಡ ಎಂದ. ಚಹಾ ತರಿಸಿ ಕಾರಣ ವಿವರಿಸಿದ. ಮಾರುವವನೇ ಬೇಡವೆನ್ನುವಾಗ ಕೇಳಬೇಕಾದದ್ದೇ.

ಒಂದು ಕಾರಣ ಹೀಗೆ. ಸಾಮಾನ್ಯ ಟೈರು ಗಾಳಿ ಕಳೆದುಕೊಂಡರೆ ಹೊಟ್ಟೆ ಊದಿ ತಾನೇ ಹೇಳುತ್ತದೆ. ರನ್ ಫ್ಲ್ಯಾಟು ಹೇಳುವುದಿಲ್ಲ. ಖಾಲಿಯಾಗಿದ್ದರೂ ನೆಟ್ಟಗೆ ನಿಂತಿರುತ್ತದೆ. ತಿಳಿಯದೆ ನೂರರ ವೇಗದಲ್ಲಿ ಓಡಿಸಿದರೆ ಅದೂ ಬೆಂದು ಒಡೆಯುತ್ತದೆ. ಆದ್ದರಿಂದ ಗಾಳಿಯ ಒತ್ತಡ ನೋಡಿ ದೀಪ ಹತ್ತಿಸುವ ಏರ್ಪಾಟು ಕಾರಿನಲ್ಲಿ ಇರಲೇಬೇಕು. ಅದರಲ್ಲಿ ಎರಡು ಬಗೆ. ಒಂದರಲ್ಲಿ ಪ್ರತಿ ಚಕ್ರದೊಳಗೆ ಗುಂಡಿಯಷ್ಟು ಅಳತೆಯಂತ್ರ ಕುಳಿತು ರೇಡಿಯೋ ಮೂಲಕ ಸುದ್ದಿ ಕಳಿಸುತ್ತದೆ. ಇನ್ನೊಂದು ಜಾಣತನದ್ದು. ಗಾಳಿ ತಗ್ಗಿದ ಗಾಲಿ ತುಸು ಕುಳ್ಳಾಗುತ್ತದಷ್ಟೆ, ಕುಳ್ಳ ಗಾಲಿ ಅದೇ ದೂರಕ್ಕೆ ಹೆಚ್ಚು ಸುತ್ತು ಸುತ್ತಬೇಕು. ಬ್ರೇಕಿನ ಯಂತ್ರ ಈ ಸುತ್ತುಗಳನ್ನು ಎಣಿಸುತ್ತಲೇ ಇರುತ್ತದೆ, ಒಂದು ಗಾಲಿ ಮಿಕ್ಕವಕ್ಕಿಂತ ಚುರುಕಾಗಿ ಸುತ್ತಿದರೆ ದೀಪ. ದಪ್ಪಗಿರುವವರ ಜೊತೆ ನಡೆಯುವ ಮಗು ಎರಡೆರಡು ಹೆಜ್ಜೆ ಹಾಕುವಂತೆ. ಈ ಎರಡನೆಯದಕ್ಕೆ ಗಾಳಿ ಹಿಡಿಸಿದಾಗೆಲ್ಲ ‘ಇದೇ ಸರಿಯಾದ ಅಳತೆ’ ಎಂದು ಗುಂಡಿಯೊತ್ತಿ ತಿಳಿಸಬೇಕು. ಇದನ್ನು ಮರೆತು ದೀಪ ಸುಳ್ಳು ಹೇಳುತ್ತದೆ ಎನ್ನುವವರು ಬಹಳ.

ಇನ್ನೊಂದು ಕಾರಣ ಮೈನೋವು. ಗೋಡೆ ಗಟ್ಟಿಯೆಂದರೆ ಟೈರು ಬಾಗುವುದಿಲ್ಲ. ಟೈರು ನುಂಗಬೇಕಾದ ಕುಲುಕನ್ನು ಸ್ಪ್ರಿಂಗು ನುಂಗಬೇಕು, ಸ್ಪ್ರಿಂಗು ನುಂಗದಿದ್ದರೆ ನಮ್ಮ ಸೊಂಟ. ಇಂಥ ಟೈರಿಗೆಂದೇ ಮಾಡಿದ ಕಾರಿನಲ್ಲಿ ಸ್ಪ್ರಿಂಗನ್ನು ಅದಕ್ಕೆ ಹೊಂದಿಸಿರುತ್ತಾರೆ. ನಮ್ಮ ಕಾರಿನಲ್ಲಿ ಅದಿಲ್ಲ. ಜೊತೆಗೆ ತೂಕ ಹೆಚ್ಚು, ಬೆಲೆ ಹೆಚ್ಚು. ಕಲ್ಕತ್ತೆಯ ಟ್ರಾಮ್ ಕಂಬಿಗಳ ಮೇಲೆ, ಕಲ್ಲುಹಾಸಿನ ಬೀದಿಗಳಲ್ಲಿ ಷಡ್ಡಕರ ಕಾರಿನಲ್ಲಿ ಕುಳಿತು ಹೋದ ನಮ್ಮ ತಾಯಿಯವರು, “ಇಷ್ಟು ದುಡ್ಡು ಕೊಟ್ಟು ಎತ್ತಿನಗಾಡಿ ತಗೊಂಡರಾ?” ಎಂದು ಮೆಲ್ಲಗೆ ನಮ್ಮನ್ನು ಕೇಳಿದ್ದರು. ಆಳವಾದ ಗುಂಡಿಗೆ ಜೋರಾಗಿ ಬಿದ್ದರೆ ಚಕ್ರದ ಅಂಚು ಸೊಟ್ಟಗಾಗುವುದು, ಗೋಡೆಯಲ್ಲಿ ಗಂಟು ಏಳುವುದು ಇವಕ್ಕೂ ಉಂಟು. ಬಾಗದ್ದು ಪೆಟ್ಟು ತಿನ್ನುತ್ತದೆ.

ಒಟ್ಟಿನಲ್ಲಿ ನಮ್ಮ ಅಭಿಪ್ರಾಯ ಕೇಳಿದರೆ, ಕಾರಿನೊಡನೆ ಹುಟ್ಟಿ ಬಂದಿದ್ದರೆ ಇರಲಿ, ಹುಟ್ಟಿರದಿದ್ದರೆ ತಂದು ಅಂಟಿಸಬೇಡಿ. ಹುಟ್ಟಿ ಬಂದದ್ದನ್ನು ತೆಗೆದು ಸಾಮಾನ್ಯ ಟೈರು ಹಾಕಿಸಿಕೊಳ್ಳುವವರೂ ಇದ್ದಾರೆ. ಷಡ್ಡಕರೂ ಈಗ ಅದೇ ಯೋಚನೆಯಲ್ಲಿದ್ದಾರೆ. ಕಾರಿನ ಕೈಪಿಡಿ ಒಪ್ಪಿದರೆ ಹಾಗೆ ಮಾಡಬಹುದು. ಆದರೆ ನಾಲ್ಕನ್ನೂ ಒಟ್ಟಿಗೆ ಬದಲಿಸಬೇಕು, ಅಳತೆಯೂ ಭಾರದ ಮತ್ತು ವೇಗದ ಅಂಕಗಳೂ ಮೊದಲಿನಷ್ಟೇ ಇರಬೇಕು. ಮುಖ್ಯವಾಗಿ, ಡಿಕ್ಕಿಯಲ್ಲಿ ಸ್ಟೆಪ್ನಿಗೆ ಜಾಗವೇ ಇಲ್ಲದ ಕಾರುಗಳು ಅವು. ಆಮೇಲೆ ಪಂಕ್ಚರಾದರೆ ರನ್ ಫ್ಲ್ಯಾಟೂ ಇಲ್ಲ, ಸ್ಟೆಪ್ನಿಯೂ ಇಲ್ಲ. ಅದಕ್ಕೇ ಗಾಳಿ ತುಂಬುವ ಪುಟ್ಟ ಯಂತ್ರ, ತೂತು ಮುಚ್ಚುವ ದ್ರವದ ಡಬ್ಬಿ ಸದಾ ಜೊತೆಗಿರಬೇಕು. ಆ ದ್ರವ ಮೊಳೆಯ ತೂತಿಗೆ ಸಾಕು, ಪಕ್ಕದ ಗೋಡೆ ಹರಿದರೆ ಉಪಯೋಗವಿಲ್ಲ. ಡಬ್ಬಿಗೂ ಔಷಧಿಯ ಹಾಗೆ ಅವಧಿಯುಂಟು.

ಸ್ಟೆಪ್ನಿಯಿಲ್ಲದ ಕಾರು ಕಾನೂನಿಗೆ ವಿರುದ್ಧವೇ ಎಂದು ಆ ಸೋದರಿಯ ಯಜಮಾನರು ಆಮೇಲೆ ಫೋನಿನಲ್ಲಿ ಕೇಳಿದರು. ಅಲ್ಲ. 2020ರ ಜುಲೈಯಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ಮಾಡಿತು. ಮೂರೂವರೆ ಟನ್ನಿನೊಳಗಿನ ಪ್ರಯಾಣಿಕರ ಕಾರಿಗೆ ಟ್ಯೂಬಿಲ್ಲದ ಟೈರು, ಒತ್ತಡ ತಿಳಿಸುವ ಏರ್ಪಾಟು, ರಿಪೇರಿ ಸಾಮಾನು ಇಷ್ಟಿದ್ದರೆ ಸ್ಟೆಪ್ನಿ ಕಡ್ಡಾಯವಲ್ಲ.

ಕಾನೂನು ಒಂದು, ನಮ್ಮೂರಿನ ದಾರಿ ಇನ್ನೊಂದು. ಬೇಸಗೆ ರಜೆಯಲ್ಲಿ ಕಾರಿನಲ್ಲೇ ಊರಿಗೆ ಹೋಗುವ ಉತ್ಸಾಹಿಗಳು ನಮ್ಮ ಸಂಘದಲ್ಲಿ ಎರಡು ಮೂರು ಮನೆಯವರಿದ್ದಾರೆ. ಕಲ್ಕತ್ತೆಯಿಂದ ಬೆಂಗಳೂರಿಗೆ ಸುಮಾರು 1,900 ಕಿಲೋಮೀಟರು. ಖರಗಪುರ, ಬಾಲೇಶ್ವರ, ಭುವನೇಶ್ವರ, ವಿಶಾಖಪಟ್ಟಣ, ವಿಜಯವಾಡ ಹೀಗೆ ಹೋಗುವ ಆ ಹೆದ್ದಾರಿಯಲ್ಲಿ ದೊಡ್ಡ ಊರಿಗೂ ದೊಡ್ಡ ಊರಿಗೂ ನಡುವೆ 80ಕ್ಕಿಂತ ಬಹಳ ಹೆಚ್ಚು ಅಂತರ. ಅವರಿಗೆ ನಾವು ಕೈಮುಗಿದು ಹೇಳುವುದು, ಗಾಳಿ ತುಂಬಿದ ಸ್ಟೆಪ್ನಿ ಇರುವ ಕಾರಿನಲ್ಲಿ ಹೋಗಿ. ಅದನ್ನು ಸಾಮಾನಿನ ತಳದಲ್ಲಿ ಹೂಳಬೇಡಿ. ಕಾಯಿ ಬೆಲ್ಲ ಬರುವಾಗ ತಂದರಾಯಿತು. ರಾತ್ರಿ ಪಂಕ್ಚರಾದರೆ ಟೈರು ಹಾಳಾದರೂ ಚಿಂತೆಯಿಲ್ಲವೆಂದು ನಿಧಾನವಾಗಿ ರಸ್ತೆಯಿಂದ ಪೂರಾ ಆಚೆಗೆ, ಬೆಳಕಿರುವ ಕಡೆಗೆ ತೆವಳಿಸಿ. ಚಕ್ರದ ಅಂಚು ಸೊಟ್ಟಗಾದರೆ ಸಾವಿರಗಳಲ್ಲಿ ಹೋಗುತ್ತದೆ, ಕೈ ಹೋದರೆ ಹಾಗಲ್ಲ. ಮಕ್ಕಳನ್ನೂ ಮುದುಕರನ್ನೂ ಕಾರಿನಿಂದ ಇಳಿಸಿ ರಸ್ತೆಯ ಆಚೆ ನಿಲ್ಲಿಸಿ. ನಾವು ತಾಯಿಯವರನ್ನು ಒಳಗೇ ಕೂರಿಸಿ ಜಾಕು ಏರಿಸಿದ್ದು ಎಂಥ ಹುಚ್ಚುತನವೆಂದು ನೆನೆದರೆ ಈಗಲೂ ಮೈ ನಡುಗುತ್ತದೆ.

ನಮ್ಮ ಪುಟ್ಟ ಗಾಡಿಗೆ ಕಡೆಗೆ ನಾವು ಮಾಡಿಸಿದ್ದು ಇಷ್ಟು. ಟ್ಯೂಬಿಲ್ಲದ ಒಳ್ಳೆಯ ಸಾಮಾನ್ಯ ಟೈರು ನಾಲ್ಕು. ಸಿಗರೇಟ್ ಲೈಟರಿನ ತೂತಿಗೆ ಸಿಕ್ಕಿಸುವ ಗಾಳಿಯಂತ್ರ. ರಸ್ತೆಯಲ್ಲಿ ಇಡುವ ಕೆಂಪು ತ್ರಿಕೋಣ. ವಾಲ್ವಿನ ಮೇಲೆ ತಿರುಗಿಸಿ ಕೂರಿಸುವ ನಾಲ್ಕು ಪುಟ್ಟ ಟೋಪಿಗಳು, ಅವು ಒತ್ತಡವನ್ನು ಎದುರಿನ ಪೆಟ್ಟಿಗೆಯಲ್ಲಿ ತೋರಿಸುತ್ತವೆ. ನಾಲ್ಕು ಗಾಲಿಯ ಸಂಖ್ಯೆ ಕಣ್ಣ ಮುಂದೆ ಇದ್ದರೆ ಹಾಜರಿ ಪುಸ್ತಕ ನೋಡಿದಷ್ಟು ಸಮಾಧಾನ. ಏನೂ ಆಗದಿದ್ದರೂ ಟೈರು ತಿಂಗಳಿಗೆ ಸುಮಾರು ಒಂದು ಪೌಂಡಿನಷ್ಟು ಗಾಳಿ ಬಿಡುತ್ತದೆ. ತಿಂಗಳ ಮೊದಲ ಭಾನುವಾರ ಬೆಳಿಗ್ಗೆ, ಗಾಡಿ ಓಡಿ ಟೈರು ಬಿಸಿಯಾಗುವ ಮೊದಲು, ಸ್ಟೆಪ್ನಿ ಸೇರಿ ಐದಕ್ಕೂ ನೋಡುತ್ತೇವೆ. ನಮ್ಮಾಕೆ ಅದನ್ನು ಕ್ಯಾಲೆಂಡರಿನಲ್ಲಿ ಏಕಾದಶಿಯ ಪಕ್ಕ ಗುರುತು ಹಾಕಿಟ್ಟಿದ್ದಾರೆ.

ಇನ್ನು ಆ ಸೋದರಿಯ ಕಾರು. ಹೋದ ಭಾನುವಾರ ಷಡ್ಡಕರನ್ನೂ ಕರೆದುಕೊಂಡು ಬಾಲಿಗಂಜಿನ ಕಡೆ ಒಂದು ಗ್ಯಾರೇಜಿನಲ್ಲಿ ಅದನ್ನು ನೋಡಲು ಹೋದೆವು. ಮಿರಮಿರ ಮಿಂಚುತ್ತಿತ್ತು. ದಲ್ಲಾಳಿ ಎಂಜಿನಿನ ಗುಣಗಾನಕ್ಕೆ ತೊಡಗಿದ. ನಾವು ಮಂಡಿಯೂರಿ ಟೈರಿನ ಪಕ್ಕ ಓದತೊಡಗಿದೆವು. ಓದಲು ಅಲ್ಲಿ ಬಹಳವಿದೆ. ರನ್ ಫ್ಲ್ಯಾಟಾದರೆ ಒಂದೊಂದು ಕಂಪೆನಿ ಒಂದೊಂದು ಗುರುತು ಹಾಕುತ್ತದೆ: ಬ್ರಿಜ್‌ಸ್ಟೋನಿನವರು ಆರ್‌ಎಫ್‌ಟಿ ಎಂದು, ಮಿಶೆಲಿನ್‌ನವರು ಜೆಡ್‌ಪಿ, ಕಾಂಟಿನೆಂಟಲ್‌ನವರು ಎಸ್‌ಎಸ್‌ಆರ್, ಗುಡ್‌ಇಯರ್‌ನವರು ಆರ್‌ಓಎಫ್. ಅಲ್ಲೇ ಒಂದು ಮೊಟ್ಟೆಯಾಕಾರದ ಗೆರೆಯೊಳಗೆ ನಾಲ್ಕು ಅಂಕಿ. ಮೊದಲೆರಡು ವಾರ, ಕೊನೆಯೆರಡು ವರ್ಷ. 1522 ಎಂದರೆ 2022ನೆಯ ಇಸವಿಯ ಹದಿನೈದನೆಯ ವಾರ ತಯಾರಾದದ್ದು. ನೋಡುತ್ತ ಹೋದೆವು. ಮೂರು ಟೈರು ರನ್ ಫ್ಲ್ಯಾಟು, ಅದರಲ್ಲಿ ಎರಡು 2016ರವು. ನಾಲ್ಕನೆಯದರ ಮೇಲೆ ಆ ಗುರುತೇ ಇಲ್ಲ. ಸಾಮಾನ್ಯ ಟೈರು! “ಇದೇನಪ್ಪಾ?” ಎಂದರೆ, “ಎಲ್ಲ ಒಂದೇ ದಾದಾ” ಎಂದ. ಕೀಲಿ ತಿರುಗಿಸಿ ನೋಡಿದರೆ ಒತ್ತಡದ ದೀಪ ಹತ್ತಲೂ ಇಲ್ಲ, ಆರಲೂ ಇಲ್ಲ. ಒಳ್ಳೆಯ ಕಾರಿನಲ್ಲಿ ಕೀಲಿ ತಿರುಗಿಸಿದಾಗ ಅದು ಒಂದು ಕ್ಷಣ ಹತ್ತಿ ಆರಬೇಕು. ಯಾರೋ ದೀಪದ ಬಾಯನ್ನೇ ಕಟ್ಟಿದ್ದರು.

ಷಡ್ಡಕರು ಕಾಗದ ತೆಗೆದು ನಾಲ್ಕು ಹೊಸ ಟೈರಿನ ಬೆಲೆ, ಒತ್ತಡದ ಏರ್ಪಾಟಿನ ರಿಪೇರಿ ಎಲ್ಲ ಬರೆದು ಕೂಡಿ ದಲ್ಲಾಳಿಯ ಕೈಗೆ ಕೊಟ್ಟರು. ಅಷ್ಟನ್ನು ಕಳೆದು ಕೊಡುವುದಾದರೆ ಮಾತಾಡೋಣ ಎಂದರು ಸೋದರಿಯ ಯಜಮಾನರು. ಅವನು ಇನ್ನೂ ಫೋನು ಮಾಡಿಲ್ಲ. ಸೋದರಿಗೆ ಅದರಿಂದ ಬೇಸರವೇನೂ ಆದಂತಿಲ್ಲ. ಸ್ಟೆಪ್ನಿ ಇರುವ ಬೇರೊಂದು ಗಾಡಿಯನ್ನು ತಾವೇ ನೋಡಿಟ್ಟಿದ್ದಾರಂತೆ. ಬರುವ ಭಾನುವಾರ ಮತ್ತೆ ನಮಗೆ ಮಂಡಿಯೂರುವ ಕೆಲಸವಿದೆ.